ಅಕ್ಕನ ಅರ್ಜಿ

ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಂದು ಶನಿವಾರ ವಕೀಲರು ಬಂದು ಕೂರುತ್ತಾರೆ. ವೀಸಾ, ವಿಚ್ಛೇದನ, ಮಕ್ಕಳ ಪಾಲನೆ, ಗಂಡನ ಹೊಡೆತ, ಏನು ಬೇಕಾದರೂ ಕೇಳಬಹುದು. ವಿನ್ನಿಪೆಗ್‌ನ ಫಿಲಿಪೀನೋ ಮಂದಿ ಅಲ್ಲಿಗೂ ಮದುವೆಮನೆಗೆ ಹೊರಟವರಂತೆ ಡಬ್ಬಿ ತುಂಬ ಶಾವಿಗೆ ಕಟ್ಟಿಕೊಂಡು ಹೋಗುತ್ತಾರೆ. ಕಷ್ಟ ಹೇಳಿಕೊಳ್ಳುವುದಕ್ಕೇ ಆಗಲಿ, ಬರಿಗೈಯಲ್ಲಿ ಹೋಗಲು ಅವರಿಗೆ ನಾಚಿಕೆ. ಹೊರಗೆ ಮೂಗು ಉದುರಿ ಬೀಳುವಂಥ ಚಳಿ, ಒಳಗೆ ಬೆಳ್ಳುಳ್ಳಿಯ ಘಮ, ಸಾಲಾಗಿ ಹಾಕಿದ ಮಡಚುವ ಕುರ್ಚಿಗಳಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಕುಳಿತ ಜನ.

ಆ ಜನವರಿಯಲ್ಲಿ ಲುಜ್ವಿಮಿಂಡಾ ತನ್ನ ಸರದಿಗಾಗಿ ಎರಡು ಗಂಟೆ ಕಾದಳು. ಎಲ್ಲರ ಬಾಯಲ್ಲಿ ಅವಳು ಮಿಂಡಾ. ವಯಸ್ಸು ಮೂವತ್ತೇಳು. ಮುದುಕರ ಆರೈಕೆಮನೆಯೊಂದರಲ್ಲಿ ಉಣಿಸುವ, ಮೀಯಿಸುವ, ಮಗ್ಗುಲು ಬದಲಿಸುವ ಕೆಲಸ. ಪಕ್ಕದಲ್ಲಿ ಟೆಸ್ಸಿ ಕುಳಿತಿದ್ದಳು. ಅದೇ ಕೆಲಸ, ಒಂದೇ ಬಾಡಿಗೆ ಮನೆ, ಬಾಯಿ ಮಾತ್ರ ಮಿಂಡಾಳಿಗಿಂತ ನಾಲ್ಕು ಪಟ್ಟು ದೊಡ್ಡದು.

"ನೋಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಪಾದ್ರಿ ಹತ್ರ ಪಾಪ ಒಪ್ಪಿಸೋ ಹಾಗೆ ಎಲ್ಲಾ ಕಕ್ಕಿಬಿಡಬೇಡ," ಎಂದಳು ಟೆಸ್ಸಿ.

"ವಕೀಲರ ಹತ್ರ ಸುಳ್ಳು ಹೇಳಿದ್ರೆ ಹೆಂಗೇ ಆಗುತ್ತೆ?"

"ಸುಳ್ಳು ಯಾರು ಹೇಳು ಅಂದ್ರು? ಬಾಯಿ ಮುಚ್ಚಿಕೊಂಡಿರೋದು ಸುಳ್ಳಾ?"

ಮಿಂಡಾಳ ಬದುಕು ನಿಂತಿದ್ದೇ ಈ ಪ್ರಶ್ನೆಯ ಮೇಲೆ. ಹದಿನೇಳು ವರ್ಷದಿಂದ ಅವಳ ಮನೆಯವರೆಲ್ಲ ಬಾಯಿ ಮುಚ್ಚಿಕೊಂಡೇ ಬಂದಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ಅವಳು ಬಸುರಾದಳು. ಕಾರಣನಾದವನು ರಸ್ತೆ ಅಳೆಯಲು ಊರಿಗೆ ಬಂದವನು, ರಸ್ತೆ ಮುಗಿದದ್ದೇ ಹೊರಟುಹೋದ. ಅಪ್ಪ ಪೊನ್ಸೊ ಹೊಡೆಯಲಿಲ್ಲ, ಬೈಯಲಿಲ್ಲ. ಅಮ್ಮನನ್ನೂ ಮಗಳನ್ನೂ ಸಮುದ್ರದಾಚೆಯ ದ್ವೀಪದಲ್ಲಿದ್ದ ಅತ್ತೆಯ ಮನೆಗೆ ದೋಣಿ ಹತ್ತಿಸಿದ. ಎಂಟು ತಿಂಗಳ ಮೇಲೆ ಅಮ್ಮ ಕೂಸನ್ನು ಎತ್ತಿಕೊಂಡು ಇಳಿದಳು, ಮಿಂಡಾ ಹಿಂದೆ ಚೀಲ ಹೊತ್ತುಕೊಂಡು ಇಳಿದಳು. ಪುರಸಭೆಯ ಪುಸ್ತಕದಲ್ಲಿ ಕೂಸಿನ ತಾಯಿ ಮಿಂಡಾಳ ಅಮ್ಮ ಫ್ಲೊರೆನ್ಸಿಯಾ, ವಯಸ್ಸು ಐವತ್ತೊಂದು; ತಂದೆ ಇಲ್ಡೆಫೋನ್ಸೊ, ಅಂದರೆ ಅಪ್ಪ ಪೊನ್ಸೊ. ಊರಿಗೆ ಊರಿಗೇ ಗೊತ್ತಿತ್ತು, ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲಿ ಹೀಗೆ ಎಷ್ಟೋ ಮನೆಗಳಲ್ಲಿ ಅಜ್ಜಿಯರು ತಾಯಂದಿರಾಗಿದ್ದಾರೆ. ಮಾನ ಉಳಿಸಲು ಮಾಡಿದ ಉಪಾಯ, ಯಾರಿಗೂ ಕೇಡು ಬಗೆದದ್ದಲ್ಲ.

ಕೂಸಿಗೆ ಜೊವೆಲಿನ್ ಎಂದು ಹೆಸರಿಟ್ಟರು. ಜೊವಿ. ಅವಳಿಗೆ ಮಾತು ಬಂದಾಗ ಮಿಂಡಾಳನ್ನು ಅಕ್ಕ ಎಂದಳು. ಯಾರೂ ತಿದ್ದಲಿಲ್ಲ.

ಕೊವಾಲ್ಚುಕ್ ಎಂಬ ವಕೀಲೆ ಸದಾ ನೆಗಡಿಯ ಹೆಂಗಸು. ಮೇಜಿನ ಮೇಲೆ ಕಾನೂನು ಪುಸ್ತಕಕ್ಕಿಂತ ಮೂಗೊರೆಸುವ ಕಾಗದವೇ ಹೆಚ್ಚು. ಒಳ್ಳೆಯವಳು. ಅವಳು "ಏನಮ್ಮ ವಿಷಯ?" ಎಂದು ಕೇಳಿದ್ದೇ ತಡ, ಟೆಸ್ಸಿಯ ಬುದ್ಧಿಮಾತೆಲ್ಲ ಗಾಳಿಗೆ ಹೋಯಿತು.

"ಅಟಾರ್ನಿ, ಊರಲ್ಲಿ ನನಗೊಬ್ಬಳು ಮಗಳಿದ್ದಾಳೆ," ಎಂದಳು ಮಿಂಡಾ. ಜೀವಮಾನದಲ್ಲಿ ಮೊದಲ ಸಲ ಈ ಮಾತನ್ನು ಜೋರಾಗಿ ಹೇಳಿದ್ದಳು. ಉಳಿದದ್ದೆಲ್ಲ ತಾನಾಗಿ ಹೊರಗೆ ಬಂತು. ಜೊವಿಗೆ ಮೂರು ವರ್ಷವಾದಾಗ ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋದದ್ದು, ಅಲ್ಲಿಂದ ಕೆನಡಾಕ್ಕೆ ಬಂದದ್ದು, ಕಾಯಂ ವಾಸದ ಅರ್ಜಿಯಲ್ಲಿ ಮಕ್ಕಳೆಷ್ಟು ಎಂಬಲ್ಲಿ 'ಇಲ್ಲ' ಎಂದು ಬರೆದದ್ದು, ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡದ್ದು, ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತು ಹಾಸಿಗೆ ಹಿಡಿದದ್ದು, ಹದಿನೇಳರ ಹುಡುಗಿ ಒಬ್ಬಳೇ ಅವನನ್ನು ನೋಡಿಕೊಳ್ಳುತ್ತಿರುವುದು.

"'ಇಲ್ಲ' ಅಂತ ಯಾಕೆ ಬರೆದ್ರಿ?"

"ಕಾಗದದಲ್ಲಿ ಅವಳು ನನ್ನ ತಂಗಿ. ಕಾಗದ ಒಂದು ಹೇಳುತ್ತೆ, ನಾನೊಂದು ಹೇಳಿದ್ರೆ ನನ್ನೇ ಸುಳ್ಳುಗಾತಿ ಅಂತಾರಲ್ಲ ಅಂದ್ಕೊಂಡೆ."

ವಕೀಲೆ ಮೂಗೊರೆಸಿಕೊಂಡಳು. ಆಮೇಲೆ ನಿಧಾನವಾಗಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದಳು. ಬರುವಾಗ ಹೇಳದೆ ಬಿಟ್ಟ ಮಗುವನ್ನು ಆಮೇಲೆ ಮಗು ಎಂದು ಕರೆಸಿಕೊಳ್ಳಲು ಈ ದೇಶದ ಕಾನೂನು ಬಿಡುವುದಿಲ್ಲ. ಮರೆತರೂ ಅಷ್ಟೇ, ಮುಚ್ಚಿಟ್ಟರೂ ಅಷ್ಟೇ. ಉಳಿದಿರುವುದು ಕರುಣೆಯ ಅರ್ಜಿಯೊಂದೇ. ಎಲ್ಲ ನಿಜ ಒಪ್ಪಿಕೊಂಡು, ಯಾಕೆ ಹೀಗಾಯಿತೆಂದು ವಿವರಿಸಿ, ಕೈಮುಗಿದು ಕೇಳಬೇಕು. ಎರಡು ಮೂರು ವರ್ಷ ಹಿಡಿಯುತ್ತದೆ. ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಮಿಂಡಾಳ ಸ್ವಂತ ವಾಸಕ್ಕೂ ಕುತ್ತು ಬರಬಹುದು.

"ತಾಯಿ ನೀವೇ ಅನ್ನೋದನ್ನ ಡಿಎನ್‌ಎ ಪರೀಕ್ಷೆ ಹೇಳುತ್ತೆ. ಆದರೆ ಆ ಸುಳ್ಳು ನಿಮ್ಮದಲ್ಲ, ಹತ್ತೊಂಬತ್ತರ ಹುಡುಗಿ ಮೇಲೆ ಮನೆಯವರು ಹೊರಿಸಿದ್ದು ಅಂತ ಹೇಳೋರು ಬೇಕು. ಯಾರಿದ್ದಾರೆ?"

"ಅಮ್ಮ ಇಲ್ಲ. ಅತ್ತೆ ಇಲ್ಲ. ಸೂಲಗಿತ್ತಿನೂ ಹೋದಳು. ಅಪ್ಪ ಇದ್ದಾನೆ."

"ಮಾತು ಬರಲ್ಲ ಅಂದ್ರಲ್ಲ. ಅರ್ಥ ಆಗುತ್ತಾ?"

"ಎಲ್ಲಾ ಆಗುತ್ತೆ. ತಲೆ ಆಡಿಸ್ತಾನೆ."

"ಹಾಗಾದರೆ ಅವರನ್ನ ಜೋಪಾನ ಮಾಡಿ. ಅಲ್ಲಿನ ವಕೀಲರೊಬ್ಬರು ಹಾಸಿಗೆ ಹತ್ತಿರ ಕೂತು ಪ್ರಶ್ನೆ ಕೇಳಿ, ತಲೆ ಆಡಿಸಿದ್ದನ್ನ ಬರ್ಕೊಂಡ್ರೂ ಸಾಕು. ನಿಮಗಿರೋ ಒಂದೇ ಸಾಕ್ಷಿ ಅವರು."

ಊರಿನಲ್ಲಿ ಅದು ಅಪರಾಧವೆಂದು ಮಿಂಡಾಳಿಗೆ ಗೊತ್ತಿತ್ತು. ಬೇರೆಯವರ ಕೂಸನ್ನು ತಮ್ಮದೆಂದು ಬರೆಸಿದವರಿಗೆ ಜೈಲಿದೆ. ಹಾಸಿಗೆ ಹಿಡಿದ ಎಪ್ಪತ್ತಮೂರರ ಮುದುಕನ ಮುಂದೆ ಕರಿಕೋಟಿನವನನ್ನು ಕೂರಿಸಿ, ನೀನು ಕಳ್ಳ ಎಂದು ನೀನೇ ಒಪ್ಪಿಕೋ ಎನ್ನುವುದೇ? ಸತ್ತ ಅಮ್ಮನ ಹೆಸರನ್ನು ಕೋರ್ಟಿನಲ್ಲಿ ಕೂಗಿಸುವುದೇ?

"ತಂಗಿ ಅಂತ ಕರೆಸ್ಕೊಳ್ಳೋಕೆ ಆಗಲ್ವಾ?" ಎಂದು ಕೇಳಿದಳು.

"ಆಗುತ್ತೆ. ತಂದೆ ತಾಯಿ ಇಬ್ಬರೂ ಇಲ್ಲದ ತಂಗಿ, ಹದಿನೆಂಟು ತುಂಬೋದರೊಳಗೆ." ವಕೀಲೆ ಪೆನ್ನು ಕೆಳಗಿಟ್ಟಳು. "ಆದರೆ ಅವಳು ಮಗಳು ಅಂತ ನನಗೆ ಹೇಳಿಬಿಟ್ಟಿದ್ದೀರಿ. ಇನ್ನು ತಂಗಿ ಅನ್ನೋ ಅರ್ಜಿಗೆ ನಾನು ಕೈ ಹಾಕೋಕಾಗಲ್ಲ. ಯಾರಿಗೂ ಹೇಳೋದೂ ಇಲ್ಲ. ನೀವೂ ಹಾಕಬೇಡಿ, ಮಿಂಡಾ. ದಯವಿಟ್ಟು."

ಜೊವಿಗೆ ಹದಿನೆಂಟು ತುಂಬುವುದು ಜೂನ್ ಒಂಬತ್ತಕ್ಕೆ.

ಬಸ್ಸಿನಲ್ಲಿ ಟೆಸ್ಸಿ ಹಣೆ ಹಣೆ ಚಚ್ಚಿಕೊಂಡಳು. "ಏನು ಹೇಳ್ಬೇಡ ಅಂದ್ನೋ ಅದನ್ನೇ ಮೊದ್ಲು ಹೇಳ್ದೆ! ನಿನ್ನ ನಾಲಿಗೆಗೆ ಕೀಲಿಲ್ವಾ? ಹೋಗ್ಲಿ. ಅವಳು ಹಾಕದಿದ್ರೆ ನಾವೇ ಹಾಕೋಣ. ತಂಗಿ ಅಂತ ಬರೆದದ್ದು ನೀನಾ? ನಿಮ್ಮೂರ ಸರ್ಕಾರ. ಮೊಹರು ಅವರದ್ದು, ಸಹಿ ಅವರದ್ದು. ನಿನ್ನದೇನೇ ತಪ್ಪು?"

"ಅಪ್ಪ ಇದ್ದಾನಲ್ಲೇ."

ಟೆಸ್ಸಿ ಏನೋ ಹೇಳಹೊರಟು ಕಿಟಕಿಯ ಕಡೆ ತಿರುಗಿದಳು. ಅವಳಂಥವಳ ಬಾಯಿ ಕಟ್ಟುವ ಸಂಗತಿಗಳೂ ಲೋಕದಲ್ಲಿವೆ.

ಫೆಬ್ರವರಿ ಹೋಯಿತು, ಮಾರ್ಚಿ ಹೋಯಿತು. ಮಿಂಡಾ ವಕೀಲೆಯ ಹತ್ತಿರ ಮತ್ತೆ ಹೋಗಲಿಲ್ಲ. ತಂಗಿಯ ಅರ್ಜಿಯನ್ನು ತರಿಸಿಕೊಂಡು ಮೊದಲಿಂದ ಕೊನೆಯವರೆಗೆ ದುಂಡಗೆ ತುಂಬಿದಳು. ಜೊವಿಯ ಜನನಪತ್ರ, ಅಮ್ಮನ ಮರಣಪತ್ರ ಊರಿಂದ ಬಂದವು. ಖಾಲಿ ಉಳಿದದ್ದು ಒಂದೇ ಜಾಗ: ತಂದೆ ಮರಣ ಹೊಂದಿದ ದಿನಾಂಕ. ಅರ್ಜಿಯನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ತಾನೇನನ್ನು ಕಾಯುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಾದಳು. ಭಾನುವಾರ ಪೂಜೆಯಲ್ಲಿ ಎಲ್ಲರೂ ಮಂಡಿಯೂರಿದಾಗ ಅವಳಿಗೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ಅಪ್ಪನಿಗೆ ಆಯಸ್ಸು ಕೊಡು ಎಂದರೆ ಮಗಳು ಹೋಗುತ್ತಾಳೆ, ಮಗಳನ್ನು ಕೊಡು ಎಂದರೆ ಅಪ್ಪ ಹೋಗಬೇಕು. ಬರೀ ಮಂಡಿಯೂರಿ ಎದ್ದು ಬರುತ್ತಿದ್ದಳು.

ಪ್ರತಿ ಶನಿವಾರ ಸಂಜೆ ಊರಿಗೆ ಫೋನು. ಅಲ್ಲಿ ಆಗ ಭಾನುವಾರದ ಬೆಳಗು. ಏಪ್ರಿಲ್ ಮಧ್ಯದಲ್ಲಿ ಒಂದು ದಿನ ಜೊವಿ ಬೆನ್ನುಬಿದ್ದಳು.

"ಅಕ್ಕ, ಕಾಗದ ಎಲ್ಲಾ ಕಳ್ಸಿ ತಿಂಗಳಾಯ್ತು. ಅರ್ಜಿ ಯಾಕೆ ಹಾಕಿಲ್ಲ? ನನ್ನ ಕರ್ಕೊಳ್ಳೋಕೆ ಇಷ್ಟ ಇಲ್ವಾ? ಇಲ್ಲ ಅಂದ್ರೆ ಹೇಳಿಬಿಡು."

"ಇಷ್ಟ ಇಲ್ದೇನೇ? ಏನು ಮಾತು ಅಂತ ಆಡ್ತೀಯಾ?"

"ಮತ್ತೆ? ಇನ್ನು ಎರಡು ತಿಂಗಳೂ ಇಲ್ಲ."

"ಅಪ್ಪ ಇರೋವರೆಗೆ ಆಗಲ್ಲ ಜೊವಿ! ಇಬ್ಬರೂ ಸತ್ತಿರಬೇಕಂತೆ. ನಾನೇನು ಮಾಡ್ಲಿ? ಅಪ್ಪ ಇರೋವರೆಗೆ ಏನೂ ಆಗಲ್ಲ!"

ಆ ಕಡೆ ದೂರದಲ್ಲೊಂದು ಕೋಳಿ ಕೂಗಿತು.

"ಅಕ್ಕ," ಎಂದಳು ಜೊವಿ, ದನಿ ತೀರಾ ಸಣ್ಣದಾಗಿತ್ತು. "ಫೋನು ಅಪ್ಪನ ದಿಂಬಿನ ಮೇಲಿದೆ. ನಿನ್ನ ದನಿ ಕೇಳಿಸ್ಲಿ ಅಂತ ಜೋರಾಗಿ ಇಟ್ಟಿದ್ದೆ."

ಮಿಂಡಾ ಫೋನಿಟ್ಟಳು. ಇಟ್ಟ ಮೇಲೆ, ಅಪ್ಪ ನಾನು ಹಾಗಂದದ್ದಲ್ಲ ಎಂದಾದರೂ ಹೇಳಬೇಕಿತ್ತು ಎನಿಸಿತು. ಮತ್ತೆ ಮಾಡಲು ಬೆರಳು ಏಳಲಿಲ್ಲ. ಹಾಗನ್ನದೆ ಮತ್ತೇನಂದಿದ್ದಳು?

ಮುಂದಿನ ವಾರ ಜೊವಿಯೇ ಮೊದಲು ಮಾತಾಡಿದಳು. "ಅಪ್ಪ ಬಾಯಿ ತೆಗೀತಿಲ್ಲ ಅಕ್ಕ. ಗಂಜಿ ಹಿಡ್ಕೊಂಡು ಗಂಟೆಗಟ್ಟಲೆ ಕೂತ್ಕೋತೀನಿ. ತುಟಿ ಬಿಗಿ ಹಿಡ್ದು ಗೋಡೆ ಕಡೆ ತಿರುಗ್ತಾನೆ. ನೀರು ಮಾತ್ರ ಕುಡೀತಾನೆ. ನೀನಲ್ಲಿ ದಿನಾ ಉಣಿಸ್ತೀಯಲ್ಲ, ಏನು ಮಾಡ್ಬೇಕು ಹೇಳು."

ಆರೈಕೆಮನೆಯಲ್ಲಿ ಯಾವ ಮುದುಕ ಹಟ ಹಿಡಿದರೂ ಮಿಂಡಾಳನ್ನೇ ಕೂಗುತ್ತಿದ್ದರು. ಫ್ರೀಸನ್ ಎಂಬ ಮಹಾನುಭಾವ ದಾದಿಯರ ಮೇಲೆ ಬಟ್ಟಲು ಎಸೆಯುತ್ತಿದ್ದ, ಮಿಂಡಾಳ ಕೈಯಲ್ಲಿ ಹಸುವಿನಂತೆ ಉಣ್ಣುತ್ತಿದ್ದ. ಅವರಿಗಿಂತ ತಗ್ಗಿನಲ್ಲಿ ಕೂರಬೇಕು, ಅವರು ನಮ್ಮನ್ನು ಮೇಲಿನಿಂದ ನೋಡುವಂತಿರಬೇಕು. ಮೊದಲ ತುತ್ತು ಅವರೆದುರೇ ನಾವು ತಿನ್ನಬೇಕು. ಚಮಚ ಬೆಚ್ಚಗಿರಬೇಕು. ಕೆಳತುಟಿಗೆ ತಾಗಿಸಿ ಸುಮ್ಮನಿರಬೇಕು, ಇನ್ನೊಂದು ಕೈಯಲ್ಲಿ ಗದ್ದದ ಕೆಳಗೆ ಮೆಲ್ಲಗೆ ಸವರಬೇಕು. ಮನಸ್ಸು ಬೇಡ ಎಂದರೂ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಇದನ್ನೆಲ್ಲ ಅವಳೇ ಹೇಳಿಕೊಡುತ್ತಿದ್ದಳು.

"ಬಲವಂತ ಮಾಡ್ಬೇಡ," ಎಂದಳು ಮಿಂಡಾ. "ಬೇಕಾದಾಗ ತಿಂತಾನೆ."

ಅಷ್ಟೇ ಹೇಳಿದಳು. ಅವಳ ಪರವಾಗಿ ಹೇಳುವುದಾದರೆ, ಆ ಕ್ಷಣ ನಿಜಕ್ಕೂ ಗಂಟಲು ಕಟ್ಟಿತ್ತು. ಆದರೆ ಗಂಟಲು ಕಟ್ಟುವುದು ಒಂದು ನಿಮಿಷ, ಎರಡು ನಿಮಿಷ. ಉಳಿದ ಆರು ದಿನ ಅವಳ ಗಂಟಲು ಚೆನ್ನಾಗಿಯೇ ಇತ್ತು, ಫೋನೂ ಕೈಯಲ್ಲೇ ಇತ್ತು. ಆ ಆರು ದಿನವೂ ಅವಳು ಫ್ರೀಸನ್ನಿಗೆ ಬಟ್ಟಲು ಖಾಲಿಯಾಗುವವರೆಗೆ ಉಣಿಸಿದಳು.

ಅದರ ಮುಂದಿನ ವಾರ ಜೊವಿ ಅತ್ತಳು. "ಡಾಕ್ಟರು ಬಂದಿದ್ರು. ಆಸ್ಪತ್ರೆಗೆ ಹಾಕಿ ಮೂಗಲ್ಲಿ ನಳಿಗೆ ಇಡ್ಬೇಕಂತೆ. ಮನೆಯವರು ಒಪ್ಪಬೇಕು ಅಂದ್ರು. ಏನು ಹೇಳ್ಲಿ ಅಕ್ಕ?"

"ಅಪ್ಪನ್ನೇ ಕೇಳು."

"ಕೇಳ್ದೆ. ಬೇಡ ಅಂತ ತಲೆ ಆಡಿಸ್ದ. ನನ್ನ ಕೈ ಹಿಡ್ಕೊಂಡು ಒತ್ತಿದ. ಅಕ್ಕ, ಅವನು ಅವತ್ತು ಕೇಳಿಸ್ಕೊಂಡ. ಅದಕ್ಕೇ ಹೀಗೆ ಮಾಡ್ತಿದ್ದಾನೆ."

"ಹುಚ್ಚಿ. ಮುದುಕರು ಹೀಗೇ ಮಾಡ್ತಾರೆ. ನಾನಿಲ್ಲಿ ದಿನಾ ನೋಡ್ತೀನಿ."

ಈ ಸುಳ್ಳನ್ನು ಯಾವ ಸರ್ಕಾರವೂ ಮೊಹರು ಹಾಕಿ ಕೊಟ್ಟಿರಲಿಲ್ಲ. ಇದು ಪೂರ್ತಿ ಅವಳದೇ.

ಅಪ್ಪ ಪೊನ್ಸೊ ಮೇ ಹದಿನಾಲ್ಕರಂದು ತೀರಿಕೊಂಡ. ಮಿಂಡಾ ಮಣ್ಣಿಗೆ ಹೋಗಲಿಲ್ಲ. ಮರಣಪತ್ರ ಬರುವುದನ್ನು ಕಾಯಬೇಕಿತ್ತು, ಬಂದ ಕೂಡಲೇ ಅರ್ಜಿ ಕಳಿಸಬೇಕಿತ್ತು. ಖಾಲಿ ಜಾಗದಲ್ಲಿ ದಿನಾಂಕ ಬರೆದಳು. ಕೆಳಗೆ, ಮೇಲೆ ಹೇಳಿದ್ದೆಲ್ಲ ನಿಜ ಎಂಬಲ್ಲಿ ಸಹಿ ಮಾಡಿದಳು. ಜೂನ್ ಒಂದಕ್ಕೆ ಅರ್ಜಿ ತಲುಪಿದ ಚೀಟಿ ಬಂತು.

"ಎಂಟು ದಿನ ಮೊದಲೇ ಮುಟ್ತು ಕಣೇ! ನಿಮ್ಮಪ್ಪ ದೊಡ್ಡ ಮನುಷ್ಯ," ಎಂದು ಟೆಸ್ಸಿ ತಬ್ಬಿಕೊಂಡಳು. ಮಿಂಡಾ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ಆಮೇಲೆ ಮುಖ ತೊಳೆದು, ಜೊವಿ ಬಂದರೆ ಮಲಗಲು ಒಂದು ಮಂಚ ನೋಡಬೇಕೆಂದಳು. ಅದನ್ನೂ ಹೇಳಬೇಕಲ್ಲ: ಆ ಬೇಸಿಗೆಯಲ್ಲಿ ಅವಳಿಗೆ ಸಂತೋಷವೂ ಆಗಿತ್ತು. ಮಂಚ ಬಂತು, ಹೊದಿಕೆ ಬಂತು, ಹುಡುಗಿಯ ಅಳತೆ ಗೊತ್ತಿಲ್ಲದೆ ಎರಡು ಅಳತೆಯ ಚಳಿಕೋಟು ಬಂದವು.

ಅಕ್ಟೋಬರಿನಲ್ಲಿ ಸರ್ಕಾರದ ಕಾಗದ ಬಂತು. ಹುಡುಗಿ ಹುಟ್ಟಿದಾಗ ತಾಯಿಗೆ ಐವತ್ತೊಂದು ವರ್ಷ. ಜನನ ಬರೆಸಿದ್ದು ಎಂಟು ತಿಂಗಳು ತಡವಾಗಿ. ಆದ್ದರಿಂದ ಅಕ್ಕತಂಗಿಯರೆಂಬುದಕ್ಕೆ ಡಿಎನ್‌ಎ ಪರೀಕ್ಷೆಯ ಪುರಾವೆ ಒದಗಿಸತಕ್ಕದ್ದು. ಹದಿನೆಂಟು ವರ್ಷ ಊರಿನವರಾರೂ ಕೇಳದ ಪ್ರಶ್ನೆಯನ್ನು ಎಲ್ಲಿಯೋ ಕುರ್ಚಿಯಲ್ಲಿ ಕುಳಿತ ಅಧಿಕಾರಿಯೊಬ್ಬ ಬೆರಳಲ್ಲಿ ವರ್ಷ ಎಣಿಸಿ ಕೇಳಿದ್ದ.

ಮಿಂಡಾ ನೆಲಮಾಳಿಗೆಗೆ ಹೋದಳು. ಈ ಸಲ ಶಾವಿಗೆಯ ಡಬ್ಬಿ ಇರಲಿಲ್ಲ. ಕೊವಾಲ್ಚುಕ್ ಕಾಗದ ಓದಿ ಕನ್ನಡಕ ತೆಗೆದಿಟ್ಟಳು.

"ಅರ್ಜಿ ವಾಪಸ್ ತಗೊಳ್ಳಿ. ಪರೀಕ್ಷೆ ಮಾಡಿಸಬೇಡಿ. ಮಾಡಿಸಿದರೆ ನೀವು ತಾಯಿ ಅಂತ ಬರುತ್ತೆ, ನೀವು ಎರಡು ಸಲ ಸುಳ್ಳು ಬರೆದದ್ದಕ್ಕೆ ನೀವೇ ಪುರಾವೆ ಕೊಟ್ಟ ಹಾಗಾಗುತ್ತೆ."

"ವಾಪಸ್ ತಗೊಂಡ್ರೆ ಅವಳು ಬೇರೆ ದಾರೀಲಿ ಬರಬಹುದಾ?"

"ತಂಗಿ ಅಂತ ಇಲ್ಲ. ಹದಿನೆಂಟಾಯ್ತು."

"ಆ ಕರುಣೆ ಅರ್ಜಿ?"

ವಕೀಲೆ ಬಹಳ ಹೊತ್ತು ಮೂಗೊರೆಸಿಕೊಂಡಳು. ಈ ಸಲ ಅದು ನೆಗಡಿಯಾಗಿರಲಿಲ್ಲ. "ಜನವರಿಯಲ್ಲಿ ಹಾಕಿದ್ದಿದ್ದರೆ ನಂಬೋರಿದ್ದರು. ಮನೆಯವರು ಹೊರಿಸಿದ್ದು ಅಂತ ಆಗ ಹೇಳಬಹುದಿತ್ತು. ಈಗ ಬರೆದದ್ದು ನೀವೇ, ಮೂವತ್ತೇಳನೇ ವಯಸ್ಸಲ್ಲಿ. ಸಾಕ್ಷಿ ಹೇಳೋಕೆ ನಿಮ್ಮಪ್ಪನೂ ಇಲ್ಲ. ಅವರು ಹೇಗೆ ಹೋದರು?"

"ಊಟ ಬಿಟ್ಟ," ಎಂದಳು ಮಿಂಡಾ.

ಅವನು ಬದುಕಿರಬೇಕಾಗಿದ್ದ ದಾರಿಯೊಂದಿತ್ತು, ಸಾಯಬೇಕಾಗಿದ್ದ ದಾರಿಯೊಂದಿತ್ತು. ಎರಡನ್ನೂ ಇದೇ ಮೇಜಿನ ಮುಂದೆ, ಒಂದೇ ಮಧ್ಯಾಹ್ನ ಅವಳಿಗೆ ಬಿಡಿಸಿ ಹೇಳಿದ್ದರು.

ಅವಳು ವಕೀಲೆಯ ಮಾತು ಕೇಳಲಿಲ್ಲ. ಎರಡನೆಯ ಸಲವೂ ಕೇಳಲಿಲ್ಲ. ಪರೀಕ್ಷೆಗೆ ಒಪ್ಪಿದಳು. ಟೆಸ್ಸಿ ಕೂಗಾಡಿದಳು, ನಿನಗೇನು ತಲೆ ಕೆಟ್ಟಿದೆಯಾ, ಇದ್ದ ನೆಲೆಯನ್ನೂ ಕಳಕೊಳ್ತೀಯಾ ಎಂದಳು. ಎಲ್ಲ ನಿಜ. ಆದರೆ ಜೊವಿ ಹುಟ್ಟಿದ ದಿನದಿಂದ ಈ ತನಕ ಮಿಂಡಾ ಅವಳ ತಾಯಿಯೆಂದು ಯಾವ ಕಾಗದದಲ್ಲೂ ಇರಲಿಲ್ಲ. ಬರಲಾರದ ಮಗಳಾದರೂ ಒಂದು ಕಾಗದದಲ್ಲಿ ತನ್ನ ಮಗಳಾಗಿರಲಿ ಎಂದು ಅವಳಿಗೆ ಹುಚ್ಚು ಆಸೆ ಹುಟ್ಟಿತು. ಇಲ್ಲಿ ಅವಳ ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿ ತೆಗೆದರು, ಅಲ್ಲಿ ಜೊವಿಯ ಕೆನ್ನೆಯೊಳಗೆ ಆಡಿಸಿದರು.

ಉತ್ತರ ಡಿಸೆಂಬರಿನ ಮೊದಲ ವಾರ ಬಂತು. ಅರ್ಜಿ ತಿರಸ್ಕೃತವೆಂಬ ಕಾಗದವೊಂದು. ಸುಳ್ಳು ಹೇಳಿಕೆಯ ಬಗ್ಗೆ ವಿಚಾರಣೆಗೆ ಹಾಜರಾಗಬೇಕೆಂಬ ಕಾಗದ ಇನ್ನೊಂದು. ಇವೆರಡರ ಹಿಂದೆ ಪ್ರಯೋಗಾಲಯದ ಹಾಳೆ. ಮಿಂಡಾ ಮೊದಲೆರಡನ್ನು ಓದಲೇ ಇಲ್ಲ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಶನಿವಾರ ಸಂಜೆ ಊರಿಗೆ ಫೋನು ಮಾಡಿದಳು. ಅವಳೊಬ್ಬಳೇ ಇದ್ದಳು. ಆ ಕಡೆ ಮನೆಯಲ್ಲಿ ಜೊವಿಯೂ ಒಬ್ಬಳೇ.

"ಬರೋಕಾಗಲ್ಲ, ಅಲ್ವಾ?" ಎಂದಳು ಜೊವಿ ಮೊದಲೇ.

"ಇಲ್ಲ ಕಂದಾ."

"ನಂಗೊತ್ತಿತ್ತು."

"ಜೊವಿ, ಒಂದು ಮಾತು ಓದ್ತೀನಿ, ಕೇಳು. ಯಾರೂ ಹೇಳದಿದ್ರೂ ನಿನಗೆ ಗೊತ್ತಿರೋದೇ. ಆದ್ರೂ ನನ್ನ ಬಾಯಿಂದ ಕೇಳು." ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಪದ ಬಿಡಿಸಿ ಓದಿದಳು. ಪರೀಕ್ಷೆಗೆ ಒಳಪಟ್ಟ ಲುಜ್ವಿಮಿಂಡಾ ಎಂಬ ಮಹಿಳೆಯು ಜೊವೆಲಿನ್ ಎಂಬಾಕೆಯ ಹೆತ್ತ ತಾಯಿ. ನೂರಕ್ಕೆ ತೊಂಬತ್ತೊಂಬತ್ತು ಪಾಲು, ಅದರ ಮೇಲೂ ಒಂಬತ್ತುಗಳ ಸಾಲು. "ಕೇಳಿಸ್ತಾ? ಸರ್ಕಾರವೇ ಒಪ್ಕೊಂಡಿದೆ. ನಾನು ನಿನ್ನಮ್ಮ."

ಮಿಂಡಾ ಕಾದಳು. ಇಡೀ ಜನ್ಮದಲ್ಲಿ ಒಂದು ಸಲ ಕೇಳಬೇಕೆಂದಿದ್ದ ಒಂದು ಪದಕ್ಕಾಗಿ ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ನನ್ನಮ್ಮ ಸತ್ತು ಮೂರು ವರ್ಷಕ್ಕೆ ಬಂತು," ಎಂದಳು ಜೊವಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ತಲೆ ಬಾಚಿದ್ದು ಅವಳು, ಜ್ವರ ಬಂದಾಗ ಪಕ್ಕ ಮಲಗಿದ್ದು ಅವಳು. ಅಪ್ಪ ನನ್ನ ಕಣ್ಣೆದುರೇ ಹಸ್ಕೊಂಡು ಸತ್ತ, ನನ್ನನ್ನ ಅಕ್ಕನ ಹತ್ರ ಕಳಿಸ್ಬೇಕು ಅಂತ. ಉಳಿದಿದ್ದವಳು ನೀನೊಬ್ಬಳು ಅಕ್ಕ. ಈಗ ಅದನ್ನೂ ಇಲ್ಲ ಅಂತ ಬರೆಸ್ಕೊಂಡು ಬಂದ್ಯಾ?"

"ಜೊವಿ..."

"ನಂಗ್ಯಾರಿದ್ದಾರೆ ಇವಾಗ?"

ಫೋನು ಕಟ್ಟಾಯಿತೋ, ಅವಳೇ ಕಟ್ಟು ಮಾಡಿದಳೋ ಮಿಂಡಾಳಿಗೆ ತಿಳಿಯಲಿಲ್ಲ. ಮತ್ತೆ ಮಾಡಿದಳು, ಆ ಕಡೆ ಯಾರೂ ಎತ್ತಲಿಲ್ಲ. ಮುಂದಿನ ಶನಿವಾರವೂ ಎತ್ತಲಿಲ್ಲ.